ಪರಪರಿ ಯಾರು ಕಟ್ಟಬೇಕು? ಪ್ಲಾಸ್ಟಿಕ್ ನಿಷೇಧ ಲೆಕ್ಕಕ್ಕೆ ತಗೊಳ್ಳದ ಕೈಗಳು

ಹೋದ ವರ್ಷ ಏಪ್ರಿಲ್ ಮೊದಲ ವಾರ. ಅಫಜಲಪುರ ತಾಲ್ಲೂಕಿನ ನಮ್ಮೂರು ಮಣ್ಣೂರಿನಲ್ಲಿ, ನಮ್ಮ ಓಣಿಯ ಕಟ್ಟೆ ಮೇಲೆ ಅಂಬೇಡ್ಕರ್ ಜಯಂತಿಯ ಮೀಟಿಂಗ್ ನಡೆದಿತ್ತು. ಮನೆಗೆ ಎಷ್ಟು ಪಟ್ಟಿ ಹಾಕೋದು, ಡಿಜೆ ಬೇಕೋ ಹಲಗಿ ಸಾಕೋ, ಊಟಕ್ಕೆ ಏನು ಅನ್ನೋದೆಲ್ಲ ಮುಗಿದ ಮೇಲೆ ಪರಪರಿ ಮಾತು ಬಂತು. ದಾರಕ್ಕೆ ಸಾಲಾಗಿ ಅಂಟಿಸಿ, ಈ ಮನೆಯಿಂದ ಆ ಮನೆಗೆ ಎಳೆದು ಕಟ್ಟುವ ಬಣ್ಣದ ಹಾಳಿಗಳಿಗೆ ನಮ್ಮ ಕಡೆ ಪರಪರಿ ಅಂತಾರೆ. ಈಗ ಹಾಳಿ ಹೋಗಿ ಪ್ಲಾಸ್ಟಿಕ್ ಬಂದಿದೆ, ಹೆಸರು ಮಾತ್ರ ಅದೇ ಉಳಿದಿದೆ.

'ನೀಲಿ ಬಂಡಲ್ ನಾಳೆ ತರ್ತೀನಿ' ಅಂದ ಒಬ್ಬ ತಮ್ಮ. ನಾನು ಸುಮ್ಮನಿರಬಹುದಿತ್ತು. ಆದ್ರೆ ಅದರ ಹಿಂದಿನ ವಾರವೇ ಪ್ಲಾಸ್ಟಿಕ್ ಬಗ್ಗೆ ಉದ್ದನೆಯ ಸ್ಟೇಟಸ್ ಹಾಕಿದ್ದೆ. 'ಅದು ಬ್ಯಾನ್ ಆಗಿ ಮೂರು ವರ್ಷ ಆಗ್ಲಾಕ ಬಂತು' ಅಂದೆ. ಅವನು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. 'ಹೌದಕ್ಕಾ, ಬ್ಯಾನ್ ಅದ. ಹಂಗಾರ ಯಾರು ಮಾಡ್ತಾರ? ನೀ ಮಾಡ್ತಿ ಏನು?' ಅಂದ.

ಈ ಲೇಖನ ಅವನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಬರೆದದ್ದು. ಅಲಂಕಾರದ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ ಅಂತ ನನಗೆ ಈಗಲೂ ಅನ್ನಿಸುತ್ತೆ.

ಮೊದಲು ಕಾನೂನು ಏನು ಹೇಳುತ್ತೆ ನೋಡಿಬಿಡೋಣ, ಯಾಕಂದ್ರೆ ಬಹಳ ಜನ 'ಕ್ಯಾರಿಬ್ಯಾಗ್ ಬ್ಯಾನ್' ಅಂತಷ್ಟೇ ತಿಳಿದಿದ್ದಾರೆ. ಕೇಂದ್ರ ಪರಿಸರ ಸಚಿವಾಲಯ 2021ರ ಆಗಸ್ಟ್ 12ರಂದು ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ ತಿದ್ದುಪಡಿ ತಂತು. ಅದರ ಪ್ರಕಾರ 2022ರ ಜುಲೈ 1ರಿಂದ ಕೆಲವು ಏಕಬಳಕೆ ವಸ್ತುಗಳನ್ನು ತಯಾರಿಸುವುದು, ಮಾರುವುದು, ಬಳಸುವುದು ಎಲ್ಲವೂ ನಿಷೇಧ. ಆ ಪಟ್ಟಿಯನ್ನು ಒಮ್ಮೆ ಓದಿದ್ರೆ ಹಬ್ಬದ ಸಾಮಾನಿನ ಚೀಟಿ ಓದಿದಂತೆ ಆಗುತ್ತೆ: ಪ್ಲಾಸ್ಟಿಕ್ ಬಾವುಟ, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರಕ್ಕೆ ಬಳಸುವ ಥರ್ಮಾಕೋಲ್, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ವೀಟ್ ಡಬ್ಬಿಗೆ ಸುತ್ತುವ ತೆಳು ಹಾಳೆ, 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್. ಇನ್ನು ನಮ್ಮ ರಾಜ್ಯ ಇದಕ್ಕಿಂತ ಆರು ವರ್ಷ ಮೊದಲೇ, 2016ರ ಮಾರ್ಚ್‌ನಲ್ಲಿ, ಇನ್ನೂ ಬಿಗಿಯಾದ ಅಧಿಸೂಚನೆ ಹೊರಡಿಸಿತ್ತು. ಅದರಲ್ಲಿ ಫ್ಲೆಕ್ಸ್, ಬ್ಯಾನರ್, ಬಾವುಟದ ಜತೆಗೆ ಪ್ಲಾಸ್ಟಿಕ್ ಬಂಟಿಂಗ್ಸ್, ಅಂದ್ರೆ ನಮ್ಮ ಪರಪರಿ, ಹೆಸರು ಹಿಡಿದೇ ಸೇರಿದೆ. ನಮ್ಮೂರಿನ ಜನ ಸಂತೆ-ಪ್ಯಾಟಿಗೆ ಹೋಗುವ ಗಡಿಯಾಚೆಯ ಮಹಾರಾಷ್ಟ್ರವೂ 2018ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್, ಥರ್ಮಾಕೋಲ್ ನಿಷೇಧಿಸಿತು. ಅಂದ್ರೆ ಗಡಿಯ ಈ ಕಡೆ ಹೋದ್ರೂ ಆ ಕಡೆ ಹೋದ್ರೂ ಕಾನೂನು ಒಂದೇ. ಬಂಡಲ್ಲೂ ಎರಡೂ ಕಡೆ ಸಿಗುತ್ತೆ.

ಪಟ್ಟಿಯಲ್ಲಿ ತೂತುಗಳೂ ಇವೆ. ಬಲೂನಿನ ಕಡ್ಡಿ ನಿಷೇಧ, ಬಲೂನ್ ಅಲ್ಲ. ಬರ್ತ್‌ಡೇಗೆ ಗೋಡೆ ಮೇಲೆ ಅಂಟಿಸುವ ಬಂಗಾರದ ಬಣ್ಣದ ಅಕ್ಷರದ ಫಾಯಿಲ್ ಬಲೂನ್, ಹಿಂದೆ ಇಳಿಬಿಡುವ ಮಿರಮಿರ ಪರದೆ, ಪ್ಲಾಸ್ಟಿಕ್ ಚೆಂಡುಹೂವಿನ ಮಾಲೆ, ಇವು ಯಾವುವೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಪ್ಲಾಸ್ಟಿಕ್ ಹೂವನ್ನೂ ಪಟ್ಟಿಗೆ ಸೇರಿಸಿ ಅಂತ ಹೂ ಬೆಳೆಗಾರರ ಸಂಘಟನೆಯೊಂದು ಬಾಂಬೆ ಹೈಕೋರ್ಟ್ ಮೆಟ್ಟಿಲು ಹತ್ತಿದ್ದು ಇದೇ ಕಾರಣಕ್ಕೆ. ಒಂದು ಪ್ಲಾಸ್ಟಿಕ್ ಮಾಲೆಯನ್ನು ಮೂರು ವರ್ಷ ತೊಳೆದು ತೊಳೆದು ಬಾಗಿಲಿಗೆ ಕಟ್ಟಿದರೆ, ಅಷ್ಟೂ ವರ್ಷ ರೈತನ ಚೆಂಡುಹೂ ಆ ಬಾಗಿಲಿಗೆ ಬರೋದಿಲ್ಲ.

ಇನ್ನು ಬಂಡಲ್ ಎಲ್ಲಿಗೆ ಹೋಗುತ್ತೆ ಅನ್ನೋದು ನಮ್ಮೂರಿನವರಿಗೆ ಯಾರೂ ಹೇಳಬೇಕಿಲ್ಲ. ಮಣ್ಣೂರು ಭೀಮಾ ನದಿಯ ದಂಡಿಯ ಊರು. 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಉಕ್ಕಿ ಇಳಿದ ಮೇಲೆ ದಂಡಿಯ ಜಾಲಿಗಿಡಗಳನ್ನು ನೋಡಬೇಕಿತ್ತು. ಯಾವ್ಯಾವ ಊರಿನ ಯಾವ್ಯಾವ ಹಬ್ಬದ ಚಿಂದಿಗಳೋ, ನೀಲಿ, ಕೇಸರಿ, ಹಸಿರು, ಎಲ್ಲಾ ಒಂದೇ ಮುಳ್ಳಿಗೆ ಸಿಕ್ಕಿಬಿದ್ದಿದ್ದವು. ಥರ್ಮಾಕೋಲ್ ಇನ್ನೂ ಕೆಟ್ಟದ್ದು. ಅದರಲ್ಲಿ ಶೇ 98ರಷ್ಟು ಗಾಳಿ. ಒಂದು ಟ್ರ್ಯಾಕ್ಟರ್ ತುಂಬಾ ಹೇರಿದರೂ ತೂಕ ಬರೋದಿಲ್ಲ. ಹೀಗಾಗಿ ಗುಜರಿಯವ ಮುಟ್ಟೋದಿಲ್ಲ, ಹೊಲದಲ್ಲಿ ಕಾಳುಕಾಳಾಗಿ ಉದುರುತ್ತೆ. 2016ರ ಕೇಂದ್ರ ನಿಯಮಗಳ ಪ್ರಕಾರ ಹಳ್ಳಿಗಳಲ್ಲಿ ಪ್ಲಾಸ್ಟಿಕ್ ಕಸದ ಹೊಣೆ ಗ್ರಾಮ ಪಂಚಾಯಿತಿಯದು. ಕಸದ ಹೊಣೆ ಯಾರದು ಅಂತ ಬರೆದಿಟ್ಟಿದ್ದಾರೆ. ಪ್ಲಾಸ್ಟಿಕ್ ಬದಲಿಗೆ ಬರಬೇಕಾದ್ದನ್ನು ಮಾಡುವವರು ಯಾರು ಅಂತ ಮಾತ್ರ ಎಲ್ಲೂ ಬರೆದಿಲ್ಲ.

ಚಾಚಾನ ಕತ್ತರಿ

ಹಾಳಿ ಪರಪರಿ ಮಾಡೋಕೆ ಬರೋರು ಊರಲ್ಲಿ ಇನ್ನೂ ಯಾರಿದ್ದಾರೆ ಅಂತ ಆಯಿಯನ್ನು ಕೇಳಿದೆ. ಒಬ್ಬ ಚಾಚಾನ ಹೆಸರು ಹೇಳಿದಳು. ಮೊಹರಂಗೆ ಡೋಲಿಗೆ ಹಾಳಿ ಹಚ್ಚುತ್ತಿದ್ದವರು. ಎಪ್ಪತ್ತು ದಾಟಿದೆ, ಕಣ್ಣು ಮಂಜು. ಬಿದಿರು ಸೀಳಿ ಚೌಕಟ್ಟು ಕಟ್ಟಿ, ಅದರ ಮೇಲೆ ಬಣ್ಣದ ಹಾಳಿ, ಬೇಗಡೆ ಅಂಟಿಸಿ ಗುಮ್ಮಟ ಎಬ್ಬಿಸೋದು ಅವರ ಕೆಲಸವಾಗಿತ್ತು. ಅದೇ ಕೈ ಶಾಲೆಯ ಆಗಸ್ಟ್ ಹದಿನೈದಕ್ಕೂ, ಗಣಪತಿ ಮಂಟಪಕ್ಕೂ, ಮದುವೆ ಹಂದರಕ್ಕೂ ಹಾಳಿ ಕತ್ತರಿಸುತ್ತಿತ್ತಂತೆ. 'ಕತ್ತರಿಗೆ ಜಾತಿ ಇರ್ತದೇನ್ ಬೇಟಾ?' ಅಂತ ಅವರೇನೂ ಹೇಳಲಿಲ್ಲ. ಹೀಗೆ ಹೇಳಿದರು ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಅವರು ಹೇಳಿದ್ದು, 'ಆಗ ಊರಾಗ ಚೊಲೋ ಕತ್ತರಿ ನನ್ನ ಹಂತ್ಯಾಕ ಒಂದೇ ಇತ್ತು' ಅಂತ.

ಅವರು ಕಲಿಸಿದ್ದನ್ನು ಇಲ್ಲಿ ಪೂರ್ತಿ ಬರೀತೀನಿ. ನಿಮಗೂ ಬೇಕಾಗಬಹುದು.

ಪತಂಗದ ಹಾಳಿ ಸಾಮಾನ್ಯವಾಗಿ 20 ಇಂಚು ಅಗಲ, 30 ಇಂಚು ಉದ್ದ ಇರುತ್ತೆ. ಹತ್ತು ಹಾಳಿಗಳನ್ನು ಅಂಚು ಸರಿಯಾಗಿ ಒಂದರ ಮೇಲೊಂದು ಇಟ್ಟು, ಒಟ್ಟಿಗೇ ಮಡಿಸಬೇಕು. ಅಗಲಕ್ಕೆ ನಾಲ್ಕು, ಉದ್ದಕ್ಕೆ ಮೂರು ಭಾಗ ಮಾಡಿದರೆ ಒಂದು ಹಾಳಿಗೆ 5 ಇಂಚು ಅಗಲ, 10 ಇಂಚು ಉದ್ದದ 12 ತುಂಡು ಬರುತ್ತವೆ. ಮಡಿಕೆಯ ಗೆರೆಗೆ ಚಾಕು ಆಡಿಸಿದರೆ ಹತ್ತು ಹಾಳಿಯಿಂದ ಒಮ್ಮೆಗೇ 120 ತುಂಡು. ಈಗ ಆ ತುಂಡುಗಳನ್ನು ಮತ್ತೆ ಹತ್ತು ಹತ್ತರ ಕಟ್ಟು ಮಾಡಿ, ಉದ್ದಕ್ಕೆ ನಡುವೆ ಮಡಿಸಿ, ಕೆಳ ತುದಿಯನ್ನು ಓರೆಯಾಗಿ ಕತ್ತರಿಸಬೇಕು. ಬಿಚ್ಚಿದಾಗ ಎರಡು ಬಾಲ ಬರುತ್ತೆ. ಮಡಿಕೆಯ ಮೇಲೆ ಸಣ್ಣ ಅರ್ಧ ಎಲೆ, ಅರ್ಧ ಚಂದ್ರ ಕತ್ತರಿಸಿದರೆ ಬಿಚ್ಚಿದಾಗ ಪೂರ್ತಿ ಎಲೆ, ಪೂರ್ತಿ ಚಂದ್ರ. ಈ ತೂತುಗಳು ಚಂದಕ್ಕೆ ಅಷ್ಟೇ ಅಲ್ಲ, ಗಾಳಿ ದಾಟಿ ಹೋಗಲಿಕ್ಕೆ. ಏಪ್ರಿಲ್‌ನ ಸುಂಟರಗಾಳಿಗೆ ತೂತಿಲ್ಲದ ಹಾಳಿ ಒಂದೇ ಮಧ್ಯಾಹ್ನದಲ್ಲಿ ಹರಿದು ಹೋಗುತ್ತೆ. ಮೆಕ್ಸಿಕೋದ ಪ್ವೆಬ್ಲಾ ರಾಜ್ಯದಲ್ಲಿ ಹತ್ತಾರು ತೆಳು ಹಾಳಿ ಒಟ್ಟಿಗೆ ಇಟ್ಟು ಉಳಿಯಿಂದ ಕೊರೆದು ಬೀದಿಗೆ ಕಟ್ಟುವ 'ಪಾಪೆಲ್ ಪಿಕಾಡೊ' ನೋಡಿದರೆ ನಮ್ಮ ಪರಪರಿಯ ದಾಯಾದಿ ಅನ್ನಿಸುತ್ತೆ. ಅಲ್ಲೂ ಈಗ ಪ್ಲಾಸ್ಟಿಕ್ ನಕಲು ಬಂದಿದೆ.

ಅಂಟಿಗೆ ಒಂದು ಬಟ್ಟಲು ಮೈದಾ, ನಾಲ್ಕೈದು ಬಟ್ಟಲು ನೀರು. ಮೊದಲು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಸಣ್ಣ ಉರಿ ಮೇಲಿಟ್ಟು ಕೈಬಿಡದೆ ತಿರುವಬೇಕು. ಬಿಳಿ ಹೋಗಿ ಗಾಜಿನ ಹಾಗೆ ಮಿಂಚತೊಡಗಿದಾಗ ಇಳಿಸಬೇಕು. ಹುಳ ಬೀಳದಿರಲಿ ಅಂತ ಹಿಂದೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳು ಕೈ ಹಾಕುವ ಕೆಲಸಕ್ಕೆ ಬೇಡ. ಎರಡು ದಿನಕ್ಕೆ ಬೇಕಾದಷ್ಟೇ ಕಾಸಿದರೆ ಹಾಕುವ ಅಗತ್ಯವೂ ಇಲ್ಲ. ದಾರಕ್ಕೆ ಸುತಳಿ. ಪ್ರತಿ ತುಂಡಿನ ಮೇಲಿನ ಒಂದು ಇಂಚನ್ನು ಸುತಳಿ ಮೇಲಿಂದ ಮಡಿಸಿ ಅಂಟಿಸಬೇಕು. ತುಂಡಿನ ನಡುವೆ ಒಂದು ತುಂಡಿನಷ್ಟೇ ಜಾಗ ಬಿಡಬೇಕು. ಬಿಸಿಲಲ್ಲಿ ಅಲ್ಲ, ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ಹಾಳಿ ಸುರುಳಿ ಸುತ್ತುತ್ತೆ ಅಂತ ಚಾಚಾ ಹೇಳಿದ್ದರು. ನಾವು ಕೇಳಲಿಲ್ಲ. ಮೊದಲ ಇನ್ನೂರು ತುಂಡು ಹಪ್ಪಳದ ಹಾಗೆ ಮುದುಡಿದವು.

ಈಗ ಲೆಕ್ಕ. ಹತ್ತು ಅಡಿ ಸುತಳಿಗೆ ಒಂದು ಹಾಳಿ ಬೇಕು. ನಮ್ಮ ಓಣಿಗೆ ಅಡ್ಡಡ್ಡ ಎಳೆದು ಕಟ್ಟೋಕೆ 1,000 ಅಡಿ. ಅಂದ್ರೆ 100 ಹಾಳಿ, 1,200 ತುಂಡು. ಒಂದು ತುಂಡು ಅಂಟಿಸೋಕೆ ಅರ್ಧ ನಿಮಿಷ ಹಿಡಿದರೂ ಅದೇ ಹತ್ತು ತಾಸು ಆಯ್ತು. ಕತ್ತರಿಸೋದು, ಒಣಗಿಸೋದು, ಹರಿದದ್ದನ್ನು ಮತ್ತೆ ಮಾಡೋದು ಎಲ್ಲಾ ಸೇರಿ ನಾವು ಐದು ಜನ, ಎರಡು ಸಂಜೆ, ಮೂರು ಮೂರು ತಾಸು ಕೂತೆವು. ಒಟ್ಟು 30 ತಾಸು, ಹತ್ತಿರ ಹತ್ತಿರ ನಾಲ್ಕು ಆಳಿನ ಕೆಲಸ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ದರದಲ್ಲಿ ಹಿಡಿದರೆ ಕೂಲಿಯೇ 1,480 ರೂಪಾಯಿ. ಹಾಳಿ, ಸುತಳಿ, ಮೈದಾ ಬೇರೆ. ತಮ್ಮ ತರ್ತೀನಿ ಅಂದಿದ್ದ ಪ್ಲಾಸ್ಟಿಕ್ ಬಂಡಲ್‌ಗಳು ಮುನ್ನೂರು ರೂಪಾಯಿ ಒಳಗೆ ಮುಗೀತಿದ್ದವು.

ಇದನ್ನು ಮುಚ್ಚಿಡಬಾರದು ಅಂತ ನನ್ನ ಅಭಿಪ್ರಾಯ. 'ಕೈಯಿಂದ ಮಾಡಿದ್ದು ಅಗ್ಗ, ಸುಲಭ' ಅಂತ ಹೇಳುವ ವಿಡಿಯೋಗಳು ಕೂಲಿಯನ್ನು ಸೊನ್ನೆ ಅಂತ ಹಿಡಿದಿರುತ್ತವೆ. ಆ ಸೊನ್ನೆಯ ಹಿಂದೆ ಸಾಮಾನ್ಯವಾಗಿ ಒಬ್ಬ ಹೆಣ್ಣುಮಗಳು ಕೂತಿರುತ್ತಾಳೆ. ನಮ್ಮ ಐದು ಜನರಲ್ಲಿ ನಾಲ್ಕು ಜನ ಹುಡುಗಿಯರು. ಐದನೆಯವನು ಆ ತಮ್ಮ. ಪ್ರಶ್ನೆ ಕೇಳಿದ ತಪ್ಪಿಗೆ ಬಂದಿದ್ದ. ಮೀಟಿಂಗಿನಲ್ಲಿ ಮಾತಾಡಿದ್ದ ಉಳಿದ ಹುಡುಗರು ಕಟ್ಟುವ ದಿನ ನಿಚ್ಚಣಿಕೆ ಹಿಡಿದು ಬಂದರು, ಫೋಟೋದಲ್ಲಿ ಅವರೇ ಇದ್ದಾರೆ.

ಕಸುಬು ಹವ್ಯಾಸ ಆಗಿದ್ದು

ಅಲಂಕಾರಕ್ಕೆ ಯಾವತ್ತೂ ಕೂಲಿ ಇರಲಿಲ್ಲ ಅಂತಲ್ಲ. ಉತ್ತರ ಕರ್ನಾಟಕದ ಮದುವೆಗಳಲ್ಲಿ ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗ ನೋಡಿ. ಬೆಂಡನ್ನು ತೆಳುವಾಗಿ ಹೆರೆದು, ಹೂವು ಮೊಗ್ಗು ಮಾಡಿ, ಬೇಗಡೆ ಹಚ್ಚಿ ಕಟ್ಟುವ ಈ ಕೆಲಸ ಚಿತ್ರಗಾರರ ಕಸುಬು. ಬೆಂಡು ಅಂದ್ರೆ ಕೆರೆ-ಜೌಗಿನಲ್ಲಿ ಬೆಳೆಯುವ ಗಿಡದ ಬಿಳಿ ತಿರುಳು. ಹತ್ತಿಯಷ್ಟು ಹಗುರ, ಬೆಳ್ಳಗೆ, ಚಾಕು ಆಡಿಸಿದಂತೆ ಕೇಳುತ್ತೆ. ಥರ್ಮಾಕೋಲ್ ಮಾಡುವ ಕೆಲಸವನ್ನೆಲ್ಲ ಅದಕ್ಕಿಂತ ಎಷ್ಟೋ ಮೊದಲೇ ಬೆಂಡು ಮಾಡುತ್ತಿತ್ತು, ಮಣ್ಣಿಗೆ ಬಿದ್ದರೆ ಮಣ್ಣಾಗುತ್ತಿತ್ತು. ಬಂಗಾಳದಲ್ಲಿ ಇದೇ ತಿರುಳನ್ನು 'ಶೋಲಾ' ಅಂತಾರೆ. ದುರ್ಗೆಯ ಅಲಂಕಾರ, ಮದುಮಗನ ಕಿರೀಟ ಅದರಲ್ಲೇ ಆಗುತ್ತಿದ್ದವು. ಅಲ್ಲಿಯೂ ಥರ್ಮಾಕೋಲ್ ನುಗ್ಗಿತು. ಬಿದಿರಿನ ಚೌಕಟ್ಟು ಮೇದಾರರದು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಕಟ್ಟುವ ಗೊಂಡೆ, ಕೊರಳ ಹುರಿ ಮಾಡೋರೂ ಬೇರೆ ಇದ್ದರು. ಕಾಳೋ ಕಾಸೋ, ಏನೋ ಒಂದು ಅವರ ಕೈಗೆ ಬರುತ್ತಿತ್ತು. ಜಾತಿಗೆ ಕಟ್ಟಿಹಾಕಿದ ಆ ವ್ಯವಸ್ಥೆ ಚೆನ್ನಾಗಿತ್ತು ಅಂತ ನಾನು ಹೇಳೋದಿಲ್ಲ, ನಮ್ಮ ಓಣಿಯಲ್ಲಿ ಹುಟ್ಟಿದ ಯಾರೂ ಹೇಳೋದಿಲ್ಲ. ಆದ್ರೆ ಪ್ಲಾಸ್ಟಿಕ್ ಬಂದಾಗ ಹೋದದ್ದು ಜಾತಿಯಲ್ಲ, ದುಡಿಮೆ.

ಈಗ ಅದೇ ಕೆಲಸ 'ಕ್ರಾಫ್ಟ್' ಆಗಿ ವಾಪಸ್ ಬಂದಿದೆ. ಬೆಂಗಳೂರಿನ ಒಂದು ಬರ್ತ್‌ಡೇಗೆ 'ಕಾಡು' ಥೀಮ್, 'ಹಳ್ಳಿ ಮನೆ' ಥೀಮ್ ಅಂತ ಕೈಯಿಂದ ಕತ್ತರಿಸಿದ ಎಲೆ, ಬಿದಿರಿನ ಬುಟ್ಟಿ ತೂಗುಹಾಕಿ ಡೆಕೊರೇಟರುಗಳು ಸಾವಿರಗಟ್ಟಲೆ ಬಿಲ್ ಮಾಡ್ತಾರೆ. ಮಾಡಲಿ, ಅದು ದುಡಿಮೆ. ಶಾಲೆಗಳಲ್ಲಿ 'ವೇಸ್ಟ್‌ನಿಂದ ಬೆಸ್ಟ್' ಅಂತ ಮಕ್ಕಳಿಗೆ ಪ್ರಾಜೆಕ್ಟ್ ಕೊಡ್ತಾರೆ. ಅಮ್ಮಂದಿರು ರಾತ್ರಿ ಕೂತು ಮಾಡ್ತಾರೆ, ಪುರುಸೊತ್ತಿಲ್ಲದವರು ಅಂಗಡಿಯಿಂದ ಥರ್ಮಾಕೋಲ್ ಶೀಟ್ ತರ್ತಾರೆ. ಆದ್ರೆ ಅದೇ ಕೆಲಸವನ್ನು ಹಳ್ಳಿಯ ಜಯಂತಿಗೆ, ಉರುಸಿಗೆ, ಪಂಚಾಯಿತಿ ಕಾರ್ಯಕ್ರಮಕ್ಕೆ ಮಾಡಿಸುವಾಗ ಮಾತ್ರ 'ಸೇವೆ' ಅನ್ನುವ ಹೆಸರು ಬರುತ್ತೆ.

ಇದು ಪರಪರಿಯಂಥ ಸಣ್ಣ ವಸ್ತುವಿನ ಕತೆ ಮಾತ್ರ ಅಲ್ಲ. ರಾಷ್ಟ್ರಧ್ವಜಕ್ಕೂ ಇದೇ ಆಯ್ತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಖಾದಿಯ ಧ್ವಜ ಹೊಲಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಬಟ್ಟೆ ನೇಯುವವರೂ ನಮ್ಮದೇ ಉತ್ತರ ಕರ್ನಾಟಕದ ಹಳ್ಳಿಯವರು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರ್ ಬಟ್ಟೆಗೂ, ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ಸಂಘ ಇದನ್ನು ವಿರೋಧಿಸಿತು. ಮರು ವರ್ಷ 'ಹರ್ ಘರ್ ತಿರಂಗಾ' ಬಂತು, ಮನೆಮನೆಗೂ ಪಾಲಿಯೆಸ್ಟರ್ ಧ್ವಜ ಬಂತು. ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2021ರ ಆಗಸ್ಟ್‌ನಲ್ಲಿ ಪ್ಲಾಸ್ಟಿಕ್ ಬಾವುಟ ನಿಷೇಧದ ನಿಯಮ, ಅದೇ ಡಿಸೆಂಬರ್‌ನಲ್ಲಿ ಪಾಲಿಯೆಸ್ಟರ್ ಧ್ವಜಕ್ಕೆ ಬಾಗಿಲು. ಪಾಲಿಯೆಸ್ಟರ್ ಏನು, ಅದೂ ಪೆಟ್ರೋಲಿಯಂ ನೂಲೇ ಅಲ್ವಾ.

ಮುಖ ಇಲ್ಲದ ಅಲಂಕಾರ

ಚಾಚಾ ಜೊತೆ ಕೂತಾಗ ನನಗೆ ಹೊಳೆದ ಇನ್ನೊಂದು ವಿಷಯ ಇದೆ. ಹಾಳಿ ಪರಪರಿಯಲ್ಲಿ ಯಾರ ಮುಖವೂ ಇರೋದಿಲ್ಲ. ಎಲೆ, ಚಂದ್ರ, ಬಾಲ, ಅಷ್ಟೇ. ಫ್ಲೆಕ್ಸ್ ಬಂದ ಮೇಲೆ ಅಲಂಕಾರ ಅಂದ್ರೆ ಮುಖಗಳ ಪಟ್ಟಿ ಆಗಿಹೋಯ್ತು. ಮಹಾಪುರುಷರದು ಮೇಲೆ, ಶಾಸಕರದು ಪಕ್ಕಕ್ಕೆ, ಕೆಳಗೆ ಸಾಲಾಗಿ 'ಶುಭ ಕೋರುವವರು'. ಯಾರ ಫೋಟೋ ದೊಡ್ಡದು, ಯಾರದು ಬಿಟ್ಟುಹೋಯ್ತು ಅನ್ನೋದಕ್ಕೆ ಹಬ್ಬಕ್ಕಿಂತ ಮೊದಲೇ ಜಗಳ. ಹಳ್ಳಿಯಲ್ಲಿ ಇರುವ ಯಾರನ್ನಾದರೂ ಕೇಳಿ, ಹರಿದ ಫ್ಲೆಕ್ಸಿನಿಂದ ಶುರುವಾದ ಒಂದಾದರೂ ಪೊಲೀಸ್ ಕೇಸು ಹೇಳ್ತಾರೆ. 2022ರ ಆಗಸ್ಟ್ 15ರಂದು ಶಿವಮೊಗ್ಗದ ಅಮೀರ್ ಅಹ್ಮದ್ ವೃತ್ತದಲ್ಲಿ ಸಾವರ್ಕರ್ ಫ್ಲೆಕ್ಸ್ ವಿಚಾರಕ್ಕೆ ಗಲಾಟೆಯಾಗಿ, ಚೂರಿ ಇರಿತವಾಗಿ, ನಿಷೇಧಾಜ್ಞೆ ಬಂದದ್ದು ನಿಮಗೆ ನೆನಪಿರಬಹುದು.

ಹಾಳಿ ಹಚ್ಚಿಬಿಟ್ಟರೆ ಕೋಮು ಜಗಳ ನಿಂತುಬಿಡುತ್ತೆ ಅಂತ ನಾನು ಹೇಳ್ತಿಲ್ಲ. ಬಣ್ಣಗಳಿಗೂ ಈಗ ಮುಖ ಬಂದಿದೆ, ಅದರ ಮಾತು ಮುಂದೆ ಬರುತ್ತೆ. ಆದ್ರೆ ಪ್ರಿಂಟ್ ಆಗಿ ಬರುವ ಅಲಂಕಾರಕ್ಕೆ ದುಡ್ಡು ಕೊಟ್ಟವನು ಒಬ್ಬನಿರುತ್ತಾನೆ, ಅವನ ಮುಖ ಅದರಲ್ಲಿ ಇರಲೇಬೇಕಾಗುತ್ತೆ. ಕೂತು ಮಾಡುವ ಅಲಂಕಾರಕ್ಕೆ ಜನ ಕೂರಬೇಕು. ಆ ಎರಡು ಸಂಜೆ ನಮ್ಮ ಮನೆ ಪಡಸಾಲೆಯಲ್ಲಿ ಚಾಚಾ ಬಂದು ಕೂತಿದ್ದರು, ಅವರ ಮೊಮ್ಮಗಳು ಅಂಟು ತಿರುವಿದಳು. ಪ್ಲಾಸ್ಟಿಕ್ ಬಂಡಲ್ ತಂದಿದ್ದರೆ ಅವರು ಬರುವ ಕಾರಣವೇ ಇರಲಿಲ್ಲ.

ಮಳೆ ಬಂದರೆ?

ಪತಂಗದ ಹಾಳಿಗೆ ಒಂದು ಹನಿ ಬಿದ್ದರೂ ಬಣ್ಣ ಬಿಡುತ್ತೆ. ಕೆಳಗೆ ನಿಂತವರ ಬಿಳಿ ಅಂಗಿ ಹಾಳು. ಏಪ್ರಿಲ್ 14ಕ್ಕೆ ನಡೆಯಿತು. ಆಗಸ್ಟ್ 15, ಗಣಪತಿ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ ದಿನ, ಇವೆಲ್ಲ ಮಳೆಯಲ್ಲೇ ಬರುತ್ತವೆ. ಪ್ಲಾಸ್ಟಿಕ್ ಗೆದ್ದದ್ದು ಬರೀ ಅಗ್ಗ ಅಂತ ಅಲ್ಲ, ನೆನೆಯೋದಿಲ್ಲ ಅಂತ. ಈ ಮಾತನ್ನು ಒಪ್ಪದೆ ಜನರಿಗೆ ಬುದ್ಧಿ ಹೇಳಲು ಹೋದರೆ ಯಾರೂ ಕೇಳೋದಿಲ್ಲ.

ದಾರಿ ತೋರಿಸಿದ್ದು ಆಯಿ. ಅವಳು ಕೌದಿ ಹೊಲಿಯುವವಳು. 'ಹಾಳಿ ಯಾಕ? ಅರಬಿ ಹಚ್ಚು' ಅಂದಳು. ಟೇಲರ್ ಅಂಗಡಿಯ ಚಿಂದಿ, ಹಳೆ ಸೀರೆ, ಹರಿದ ಲುಂಗಿ, ಅಳತೆ ಹಾಳಿಯದೇ. ಮೇಲಿನ ಅಂಚನ್ನು ಮಡಿಸಿ ಹೊಲಿದು ಉದ್ದನೆಯ ಲಾಡಿ ಪೋಣಿಸಿದರೆ ಬಟ್ಟೆಯ ಪರಪರಿ. ಮೊದಲೇ ಎರಡು ಸಲ ಒಗೆದು ಬಣ್ಣ ಬಿಡುತ್ತೋ ಇಲ್ಲವೋ ನೋಡಿಕೊಂಡರೆ ಮಳೆಗೆ ಹೆದರಬೇಕಿಲ್ಲ. ಮಶೀನ್ ಇದ್ದರೆ ಕೆಲಸ ಹಾಳಿಗಿಂತ ಹೆಚ್ಚೇನೂ ಅಲ್ಲ. ಮತ್ತೆ ಮುಂದಿನ ವರ್ಷ ಮಾಡಬೇಕಿಲ್ಲ. 1,480 ರೂಪಾಯಿಯ ಕೂಲಿಯನ್ನು ವರ್ಷಕ್ಕೆ ನಾಲ್ಕು ಹಬ್ಬದಂತೆ ಮೂರು ವರ್ಷಕ್ಕೆ ಹಂಚಿದರೆ ಒಂದು ಹಬ್ಬಕ್ಕೆ 125 ರೂಪಾಯಿಯೂ ಬೀಳೋದಿಲ್ಲ. ಇಲ್ಲಿ ಮಾತ್ರ ಪ್ಲಾಸ್ಟಿಕ್ ಸೋಲುತ್ತೆ. ಆದರೆ ಒಬ್ಬೊಬ್ಬರೇ ಇಟ್ಟುಕೊಂಡರೆ ಈ ಲೆಕ್ಕ ಕೂಡೋದಿಲ್ಲ, ಎಲ್ಲರೂ ಒಂದನ್ನೇ ಬಳಸಬೇಕು.

ಹಾಗೆ ಹಂಚಿಕೊಳ್ಳುವ ಪದ್ಧತಿ ನಮ್ಮಲ್ಲಿ ಇಲ್ಲದ್ದೇನಲ್ಲ. ಹಳ್ಳಿಗಳಲ್ಲಿ ಮದುವೆಗೆ ಗುಡಿಯ ಭಾಂಡೆ, ಸಮಾಜದ ಭಾಂಡೆ ಅಂತ ದೊಡ್ಡ ಹಂಡೆ, ಪರಾತ, ಸೌಟುಗಳನ್ನು ಇಸಕೊಂಡು ಬರ್ತಾರೆ. ಇದನ್ನು ಆಯಿಗೆ ಹೇಳಿದೆ, ಭಾಂಡೆ ಇದ್ದ ಹಾಗೆ ಊರಿಗೊಂದು ಪರಪರಿ ಪೆಟ್ಟಿಗೆ ಅಂತ. ಅವಳು ಸೂಜಿಗೆ ದಾರ ಪೋಣಿಸುತ್ತಾ, 'ನನ್ನ ಮದುವಿಗಿ ಆ ಭಾಂಡೆ ನಮ್ಮ ಓಣಿಗಿ ಕೊಟ್ಟಿದ್ದಿಲ್ಲ. ನಮ್ಮಪ್ಪ ಮಣ್ಣಿನ ಗಡಿಗಿ ತಂದು ಅಡಗಿ ಮಾಡಿಸಿದ' ಅಂದಳು. ಅದು ಅವಳ ತವರಿನ ಮಾತು, ಬೇರೆ ಊರು. ನನ್ನ ಹತ್ತಿರ ಹೇಳೋಕೆ ಏನೂ ಇರಲಿಲ್ಲ. 'ಊರಿನದು' ಅಂತ ನಾವು ಕರೆಯುವ ಪೆಟ್ಟಿಗೆಯ ಕೀಲಿ ಯಾರ ಮನೆಯಲ್ಲಿ ಇರುತ್ತೆ ಅನ್ನೋದನ್ನ ನಾನು ಯೋಚಿಸಿಯೇ ಇರಲಿಲ್ಲ.

ಹಾಗಾಗಿ ಪೆಟ್ಟಿಗೆ ನಮ್ಮ ಓಣಿಯದೇ ಆಯಿತು. ಹೋದ ಶ್ರಾವಣಕ್ಕೆ ಮೂರು ಜನ ಹೆಣ್ಣುಮಕ್ಕಳು ಹೊಲಿದರು. ಜಯಂತಿಯ ಪಟ್ಟಿಯಲ್ಲಿ ಉಳಿದ ಹಣದಿಂದ ಅವರಿಗೆ ಕೂಲಿ ಕೊಟ್ಟೆವು, ನರೇಗಾ ದರದಲ್ಲೇ. ಮೀಟಿಂಗಿನಲ್ಲಿ ಇದಕ್ಕೆ ಒಂದು ತಾಸು ವಾದ ಆಯ್ತು. 'ನಮ್ಮವರಿಗೇ ಕೂಲಿ ಕೊಡೋದೇನು' ಅಂದರು ಕೆಲವರು. 'ಡಿಜೆದವರು ನಮ್ಮವರಲ್ಲೇನು, ಅವರಿಗೆ ಕೊಟ್ಟಿಲ್ಲೇನು' ಅಂತ ಕೇಳಿದ್ದು ನಾನಲ್ಲ, ಆ ತಮ್ಮ.

ಇದೇ ಕೆಲಸವನ್ನು ಪಂಚಾಯಿತಿಗಳು ಮಾಡಿಸಬಹುದು. ಸಂಜೀವಿನಿ ಯೋಜನೆಯಡಿ ಹೊಲಿಗೆ ಗೊತ್ತಿರುವ ಸ್ವಸಹಾಯ ಸಂಘಗಳು ಇವೆ, ಅವರಿಗೆ ಆರ್ಡರ್ ಬೇಕು. ಶಾಲೆ, ಅಂಗನವಾಡಿ, ಪಂಚಾಯಿತಿ ಕಚೇರಿ, ವರ್ಷಕ್ಕೆ ಐದಾರು ಸಲ ಸರ್ಕಾರಿ ಅಲಂಕಾರ ಆಗೇ ಆಗುತ್ತೆ. ಪ್ಲಾಸ್ಟಿಕ್ ಬಾವುಟ ಮಾರಿದ ಅಂಗಡಿಗೆ ದಂಡ ಹಾಕುವ ಸುದ್ದಿ ಆಗಾಗ ಓದ್ತೀವಿ. ಬಟ್ಟೆ ಪರಪರಿ ಕೊಂಡ ಬಿಲ್ಲಿನ ಸುದ್ದಿ ನಾನಂತೂ ಓದಿಲ್ಲ. ಚುನಾವಣಾ ಆಯೋಗವೂ ಪ್ರಚಾರಕ್ಕೆ ಪ್ಲಾಸ್ಟಿಕ್ ಬೇಡ ಅಂತ ಪಕ್ಷಗಳಿಗೆ ಹೇಳುತ್ತಲೇ ಬಂದಿದೆ. ನೀವು ಯಾವುದಾದರೂ ಪಕ್ಷದಲ್ಲೋ ಸಂಘಟನೆಯಲ್ಲೋ ಇದ್ದರೆ, ನಿಮ್ಮ ಮುಂದಿನ ಸಮಾವೇಶದ ಖರ್ಚಿನ ಚೀಟಿಯಲ್ಲಿ 'ಬ್ಯಾನರ್, ಬಂಟಿಂಗ್ಸ್' ಅಂತ ಬರೆದಿರುವ ಸಾಲಿನ ಮುಂದೆ ಯಾರ ಹೆಸರಿದೆ ಅಂತ ಒಮ್ಮೆ ನೋಡಿ.

ಪೆಟ್ಟಿಗೆಯಲ್ಲಿ ಈಗ 1,200 ತುಂಡುಗಳಿವೆ. ಚಿಂದಿ ಹೇಗೆ ಸಿಕ್ಕಿತೋ ಹಾಗೆ ಹೊಲಿದದ್ದು. ಒಂದು ನೀಲಿ, ಒಂದು ಹಳದಿ, ಹೂವಿನ ಸೀರೆಯದೊಂದು, ಚಾಚಾನ ಮನೆಯಿಂದ ಬಂದ ಹಸಿರು ಲುಂಗಿಯದೊಂದು, ಮತ್ತೆ ನೀಲಿ. ಈ ವರ್ಷ ಏಪ್ರಿಲ್ 14ಕ್ಕೂ ಅದನ್ನೇ ಕಟ್ಟಿದೆವು. 'ಪೂರ್ತಿ ನೀಲಿ ಇದ್ದರ ಚೊಲೋ ಇತ್ತು' ಅಂತ ನಮ್ಮ ಓಣಿಯಲ್ಲೇ ಕೆಲವರು ಗೊಣಗಿದರು. ಹೋದ ವಾರ ಬೇರೆ ಓಣಿಯ ಹುಡುಗರು ಗಣಪತಿಗೆ ಕೇಳಲು ಬಂದಿದ್ದರು. ಇಲ್ಲಿಯ ತನಕ ನಮ್ಮ ಓಣಿಗೆ ಏನಾದರೂ ಕೇಳಿಕೊಂಡು ಅವರು ಬಂದದ್ದು ನನಗೆ ನೆನಪಿಲ್ಲ. ಆಯಿ ಚಹಾ ಮಾಡಿದಳು, ಕುಡಿದರು. ಸರ ಬಿಚ್ಚಿ ನೋಡಿ, 'ಅಕ್ಕಾ, ನೀಲಿ ಮತ್ತ ಹಸಿರು ತೆಗೆದು ಕೊಡ್ಲಾಕ ಬರ್ತದೇನು?' ಅಂತ ಕೇಳಿದರು.

ಒಂದೇ ಲಾಡಿಗೆ ಹೊಲಿದದ್ದು, ಬಿಚ್ಚೋಕೆ ಬರೋದಿಲ್ಲ, ಬೇಕಾದರೆ ಹಿಂಗೇ ಒಯ್ಯಿರಿ ಅಂದೆ. ಕಮಿಟಿಯಲ್ಲಿ ಕೇಳಿ ಹೇಳ್ತೀವಿ ಅಂತ ಹೋದರು. ಹಬ್ಬಕ್ಕೆ ಇನ್ನೂ ದಿನ ಇವೆ. ಪೆಟ್ಟಿಗೆ ಪಡಸಾಲೆಯಲ್ಲೇ ಇದೆ, ಇಲಿ ಹೊಕ್ಕಾವು ಅಂತ ಆಯಿ ಅದರೊಳಗೆ ಬೇವಿನ ಎಲೆ ಹಾಕಿಟ್ಟಿದ್ದಾಳೆ.